ಕಾಣಿಕೆ ಎಂಬ ಪದ ಶಾಪವಾದ ಬಗೆ

(ಪವಿತ್ರ ಶಿಲುಬೆಯ ವಿಜಯೋತ್ಸವದಂದು, 2025ರ ಸೆಪ್ಟೆಂಬರ್ 14ರ ಭಾನುವಾರ, ಕುರೆಕುಪ್ಪದ ವಿಶ್ವಾಸಿ ಕುಟುಂಬಗಳಿಗೆ ನೀಡಿದ ಪ್ರಬೋಧನೆ)



ಇಂದಿನ ವಾಚನಗಳನ್ನು ಗಮನವಿಟ್ಟು ಕೇಳಿದ್ದರೆ ಒಂದೇ ಮಾತು ಮತ್ತೆ ಮತ್ತೆ ಬಂದದ್ದು ನಮಗೆ ತಿಳಿದಿರುತ್ತದೆ. ಮರಳುಗಾಡಿನಲ್ಲಿ ಮೋಶೆ ಕಂಚಿನ ಸರ್ಪವನ್ನು ಕಂಬದ ಮೇಲೆ ಎತ್ತಿ ನಿಲ್ಲಿಸಿದ. ಶಿಲುಬೆಯ ಮರಣದವರೆಗೂ ತಮ್ಮನ್ನು ತಗ್ಗಿಸಿಕೊಂಡ ಕ್ರಿಸ್ತರನ್ನು ದೇವರು ಎಲ್ಲಕ್ಕಿಂತ ಮೇಲಕ್ಕೆ ಎತ್ತಿದರು. ರಾತ್ರಿಯ ಹೊತ್ತು ತಮ್ಮನ್ನು ಕಾಣಲು ಬಂದ ನಿಕೊದೇಮನಿಗೆ ಯೇಸುಸ್ವಾಮಿ, ನರಪುತ್ರನೂ ಆ ಸರ್ಪದಂತೆಯೇ ಮೇಲಕ್ಕೆ ಎತ್ತಲ್ಪಡಬೇಕು ಎಂದರು. ಇಂದಿನ ಹಬ್ಬವೇ ಎತ್ತುವ ಹಬ್ಬ. ಜೆರುಸಲೇಮಿನಲ್ಲಿ ಕ್ರಿಸ್ತರ ಸಮಾಧಿಯ ಸ್ಥಳದಲ್ಲಿ ಕಟ್ಟಿದ ದೇವಾಲಯದ ಪ್ರತಿಷ್ಠೆ 335ರ ಸೆಪ್ಟೆಂಬರಿನಲ್ಲಿ ನಡೆಯಿತು. ಅದರ ನೆನಪಿಗೆ ಶಿಲುಬೆಯನ್ನು ಜನರೆದುರು ಎತ್ತಿ ತೋರಿಸುವ ವಾಡಿಕೆಯಿಂದ ಈ ಹಬ್ಬ ಬೆಳೆದು ಬಂತು.

ಹೀಗೆ 'ಎತ್ತಿಡುವುದು' ಎಂಬ ಅರ್ಥದಿಂದಲೇ ಹುಟ್ಟಿದ ಒಂದು ಪದದ ಬಗ್ಗೆ ಇಂದು ನಾವು ಧ್ಯಾನಿಸೋಣ. ಅದು ಇಂಗ್ಲಿಷಿನವರ ಬಾಯಲ್ಲಿರುವ ಪದ: ಅನಾಥೆಮಾ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಇದನ್ನು ನೋಡಿರಬಹುದು. ಒಬ್ಬರಿಗೆ ಕೇಳಿದರೇ ಆಗದ, ಹೆಸರೆತ್ತಿದರೇ ಮೈ ಉರಿಯುವ ವಿಷಯಕ್ಕೆ ಅಲ್ಲಿ ಅನಾಥೆಮಾ ಎನ್ನುತ್ತಾರೆ. ನಿಘಂಟು ತೆಗೆದರೆ ಶಾಪ, ಶಾಪಗ್ರಸ್ತ, ಧರ್ಮಸಭೆಯಿಂದ ಹೊರಹಾಕಿದ್ದು ಎಂದಿರುತ್ತದೆ. ನಮ್ಮ ಕಿವಿಗೆ ಅದು 'ಅನಾಥ' ಎಂಬಂತೆ ಕೇಳಿಸುತ್ತದೆ. ಎರಡಕ್ಕೂ ಏನೇನೂ ಸಂಬಂಧವಿಲ್ಲ. ಆದರೂ ಶಾಪಕ್ಕೆ ಗುರಿಯಾದವನು ಅನಾಥನೇ ತಾನೇ?

ಪದ ಮೂಲತಃ ಗ್ರೀಕ್ ಭಾಷೆಯದು. 'ಅನಾ' ಎಂದರೆ ಮೇಲೆ; ಉಳಿದ ಭಾಗದ ಅರ್ಥ ಇಡು, ನಿಲ್ಲಿಸು. ದೇವಾಲಯದ ಗೋಡೆಗೋ ಕಂಬಕ್ಕೋ ಎತ್ತಿ ತೂಗುಹಾಕಿದ ಕಾಣಿಕೆಗೆ ಗ್ರೀಕರು ಆ ಹೆಸರಿಟ್ಟಿದ್ದರು. ಯುದ್ಧ ಗೆದ್ದವನು ಗುರಾಣಿಯನ್ನು ತಂದು ತೂಗುಹಾಕುತ್ತಿದ್ದ, ಕಾಯಿಲೆ ವಾಸಿಯಾದವನು ಕೈಕಾಲಿನ ಆಕೃತಿ ಮಾಡಿಸಿ ಒಪ್ಪಿಸುತ್ತಿದ್ದ. ಇದು ನಮಗೇನು ಹೊಸದೇ? ವೇಳಾಂಗಣ್ಣಿ ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿ ಬಂದವರು ಅಲ್ಲಿ ಹರಕೆಯಾಗಿ ಬಂದ ಬೆಳ್ಳಿಯ ಕಣ್ಣು, ಕೈ, ತೊಟ್ಟಿಲುಗಳನ್ನು ನೋಡಿದ್ದೇವೆ. ಆ ಬೆಳ್ಳಿಯ ತೊಟ್ಟಿಲಿಗೆ ಹಳೆಯ ಗ್ರೀಕರು ಇಡುತ್ತಿದ್ದ ಹೆಸರು ಈ ಶಾಪದ ಪದವೇ ಎಂದರೆ ನಂಬಲು ಕಷ್ಟ. ಸಂತ ಲೂಕರ ಶುಭಸಂದೇಶದ 21ನೇ ಅಧ್ಯಾಯದಲ್ಲಿ, ಜೆರುಸಲೇಮಿನ ದೇವಾಲಯವು ಒಳ್ಳೆಯ ಕಲ್ಲುಗಳಿಂದಲೂ ಹರಕೆಯ ಕಾಣಿಕೆಗಳಿಂದಲೂ ಅಲಂಕೃತವಾಗಿದೆ ಎಂದು ಕೆಲವರು ಮೆಚ್ಚಿ ಮಾತನಾಡುವ ಸಂದರ್ಭವಿದೆ. ಆ ಕಾಣಿಕೆಗಳಿಗೆ ಲೂಕರು ಬಳಸಿದ್ದು ಈ ಪದವನ್ನೇ. ಒಂದು ಅಕ್ಷರದಷ್ಟೇ ವ್ಯತ್ಯಾಸ. ಕಾಣಿಕೆಯಾದರೆ ದೀರ್ಘ 'ಥೇ', ಶಾಪವಾದರೆ ಹ್ರಸ್ವ 'ಥೆ'. ಇಂಗ್ಲಿಷಿನವರಿಗೆ ಈ ಭೇದ ವಿವರಿಸಲು ಒಂದು ಪುಟ ಬೇಕಾಗುತ್ತದೆ. ಕನ್ನಡ ಬಲ್ಲ ನಮಗೆ ಒಂದು ದೀರ್ಘ ಸಾಕು.

ಹಾಗಾದರೆ ದೇವರಿಗೆ ಕೊಟ್ಟದ್ದು ಶಾಪವಾದದ್ದು ಹೇಗೆ? ಇದನ್ನು ತಿಳಿಯಲು ದೊಡ್ಡ ಗ್ರಂಥಗಳು ಬೇಕಿಲ್ಲ. ಹಳ್ಳಿಯ ಜಾತ್ರೆಯಲ್ಲಿ ಹರಕೆಗೆ ಬಿಟ್ಟ ಕುರಿಯನ್ನು ನೆನೆಯಿರಿ. ಆ ಕುರಿಯನ್ನು ಯಾರೂ ಮಾರುವಂತಿಲ್ಲ, ಯಾರೂ ಕದಿಯುವಂತಿಲ್ಲ, ಹೊಲಕ್ಕೆ ನುಗ್ಗಿದರೂ ಹೊಡೆಯುವಂತಿಲ್ಲ. ಅದು ದೇವರದು. ಎಲ್ಲರೂ ಅದನ್ನು ಗೌರವದಿಂದ ನೋಡುತ್ತಾರೆ. ಆದರೆ ಅದರ ಕುತ್ತಿಗೆಗೆ ಯಾವ ದಿನ ದಾರ ಕಟ್ಟಿದರೋ ಆ ದಿನವೇ ಅದರ ಸಾವೂ ನಿಶ್ಚಯವಾಯಿತು. ದೇವರಿಗೆ ಮೀಸಲು ಮತ್ತು ಸಾವಿಗೆ ಮೀಸಲು, ಎರಡೂ ಒಂದೇ ದಾರ. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಹೇರೆಮ್' ಎಂಬ ಪದವಿದೆ. ನಮ್ಮ ಮುಸ್ಲಿಂ ನೆರೆಹೊರೆಯವರು ಹೇಳುವ 'ಹರಾಮ್' ಕೂಡ ಇದೇ ಧಾತುವಿನದು. ಮುಟ್ಟಬಾರದ ನಿಷಿದ್ಧಕ್ಕೂ ಅದೇ ಮಾತು, ಮೆಕ್ಕಾದ ಪವಿತ್ರ ಆವರಣಕ್ಕೂ ಅದೇ ಮಾತು. ಯೇಸು ಹುಟ್ಟುವ ಮೊದಲೇ ಹೀಬ್ರೂ ಪವಿತ್ರಗ್ರಂಥವನ್ನು ಗ್ರೀಕಿಗೆ ಅನುವಾದಿಸಿದ ಯೆಹೂದಿ ಪಂಡಿತರು 'ಹೇರೆಮ್' ಬಂದ ಕಡೆಗಳಲ್ಲಿ 'ಅನಾಥೆಮಾ' ಎಂದು ಬರೆದರು. ಅಲ್ಲಿಂದ ಪದದ ಮುಖವೇ ತಿರುಗಿತು.

ಯೆಹೋಶುವನ ಗ್ರಂಥದಲ್ಲಿ ಜೆರಿಕೊ ಪಟ್ಟಣದ ಸಂಪತ್ತೆಲ್ಲ ಹೀಗೆ ದೇವರಿಗೆ ಮೀಸಲಾಗಿತ್ತು. ಆಕಾನನೆಂಬವನು ಒಂದು ಅಂದವಾದ ನಿಲುವಂಗಿ, ಇನ್ನೂರು ಶೆಕೆಲ್ ಬೆಳ್ಳಿ, ಒಂದು ಚಿನ್ನದ ಗಟ್ಟಿ ಕದ್ದು ತನ್ನ ಡೇರೆಯೊಳಗೆ ಹೂತಿಟ್ಟ. ಜನರು ಅವನನ್ನೂ ಅವನ ಮನೆಯವರನ್ನೂ ಆಕೋರ್ ಕಣಿವೆಯಲ್ಲಿ ಕಲ್ಲೆಸೆದು ಕೊಂದರು. ಓದಲು ಕಠಿಣವಾದ ಅಧ್ಯಾಯ. ಅದನ್ನು ಮೃದು ಮಾಡಿ ಹೇಳಲು ನಾವು ಹೋಗುವುದಿಲ್ಲ. ಆದರೆ ಮುಂದೆ ಪ್ರವಾದಿ ಹೊಶೇಯರ ಬಾಯಿಂದ ದೇವರು ಅದೇ ಆಕೋರ್ ಕಣಿವೆಯನ್ನು ಭರವಸೆಯ ಬಾಗಿಲಾಗಿ ಮಾಡುತ್ತೇನೆ ಎಂದು ಮಾತು ಕೊಟ್ಟರೆಂಬುದನ್ನೂ ಮರೆಯುವುದಿಲ್ಲ.

ಇಂಥ ಕಾಣಿಕೆ ಮತ್ತು ಶಾಪಗಳ ಜೋಡಿ ನಮ್ಮ ನೆಲದಲ್ಲೂ ಇದೆ. ಕುರೆಕುಪ್ಪದಿಂದ ಹೊಸಪೇಟೆಯ ದಾರಿ ಹಿಡಿದು ಹಂಪಿಗೆ ಹೋಗಿ ಬಂದವರು ಶಾಸನದ ಕಲ್ಲುಗಳನ್ನು ನೋಡಿರುತ್ತೇವೆ. ಇಂಥ ದಾನದ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೇಲ್ಗಡೆ ಸೂರ್ಯ, ಚಂದ್ರ. ಕೆಲವೆಡೆ ಹಸು ಮತ್ತು ಕರು. ಇಂಥವರು ಇಂಥ ದೇವರಿಗೆ ಇಷ್ಟು ಭೂಮಿ ಕೊಟ್ಟರು ಎಂದು ಬರೆದಿರುತ್ತದೆ. ಕೊನೆಗೆ ಬರುವುದು ಶಾಪ. ಈ ದಾನವನ್ನು ಕಿತ್ತುಕೊಂಡವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟಲಿ, ಅವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟಲಿ ಎಂಬ ಧಾಟಿಯ ಮಾತು. ಶಾಸನ ಓದುವ ವಿದ್ವಾಂಸರು ಇದನ್ನು 'ಶಾಪಾಶಯ' ಎನ್ನುತ್ತಾರೆ. ಸುಮಾರು 450ನೇ ಇಸವಿಯದೆಂದು ಎಣಿಸುವ, ಬಹುಕಾಲ ಕನ್ನಡದ ಮೊತ್ತಮೊದಲ ಶಾಸನವೆಂದು ನಾವೆಲ್ಲ ಶಾಲೆಯಲ್ಲಿ ಕಲಿತ ಹಲ್ಮಿಡಿ ಶಾಸನದಲ್ಲೂ ಕದ್ದವನು ಮಹಾಪಾತಕಿ ಎಂಬ ಎಚ್ಚರಿಕೆ ಇದೆ. ಕನ್ನಡ ಕಲ್ಲಿನ ಮೇಲೆ ಬರೆಯಲು ಕಲಿತಾಗಲೇ ದಾನವನ್ನೂ ಕಲಿತಿತ್ತು, ಶಾಪವನ್ನೂ ಕಲಿತಿತ್ತು.

ಇದನ್ನು ಕೇಳಿ ನಗುವುದು ಬೇಡ. ಆ ಶಾಪ ಯಾರ ಬಾಯಿಂದ ಬಂತು ಎಂದು ನೋಡಿದರೆ ಅದರ ನೋವು ತಿಳಿಯುತ್ತದೆ. ಕೊಟ್ಟವನು ಸಾಯುತ್ತಾನೆ. ಅವನ ಕಾಲದ ಸೈನ್ಯ, ಕಚೇರಿ ಎಲ್ಲ ಹೋಗುತ್ತವೆ. ನಾಳೆ ಬರುವ ಬಲಶಾಲಿಯ ಕೈ ಹಿಡಿಯಲು ಅವನ ಹತ್ತಿರ ಉಳಿಯುವುದು ಒಂದು ಕಲ್ಲು, ಕಲ್ಲಿನ ಮೇಲೊಂದು ಮಾತು. ಶಾಪ ಎಂಬುದು ಹೆಚ್ಚಾಗಿ ಕೈಲಾಗದವರ ಆಯುಧ. ಹಿಡಿ ಮಣ್ಣು ತೂರಿ, ನೆಟಿಗೆ ಮುರಿದು, 'ನಿನ್ನ ಬಾಯಾಗ ಮಣ್ಣು ಬೀಳಲಿ' ಎನ್ನುವ ಮುದುಕಿಯ ಬಳಿ ವಕೀಲರಿಗೆ ಕೊಡಲು ಹಣವಿರುವುದಿಲ್ಲ.

ವಿಜಯನಗರದ ಒಂದು ಶಾಸನವನ್ನಂತೂ ನಾವು ಕ್ರೈಸ್ತರೂ ಓದಬೇಕು. ಅದು 1368ರ ಬುಕ್ಕರಾಯನ ಶಾಸನ, ಶ್ರವಣಬೆಳಗೊಳದಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂದಿತ್ತು. ಅನ್ಯಾಯವಾಗಿದೆ ಎಂದು ರಾಜನ ಬಳಿ ದೂರು ತಂದವರಲ್ಲಿ ನಮ್ಮ ಆನೆಗೊಂದಿಯ ಜೈನರೂ ಇದ್ದರು. ಬುಕ್ಕರಾಯ ಏನು ಮಾಡಿದ? ಜೈನರ ಕೈಯನ್ನು ಹಿಡಿದು ಶ್ರೀವೈಷ್ಣವರ ಕೈಯಲ್ಲಿ ಇಟ್ಟ. ಈ ಎರಡು ದರ್ಶನಗಳಿಗೆ ಭೇದವಿಲ್ಲ, ಜೈನರಿಗಾದ ಹಾನಿಯನ್ನು ವೈಷ್ಣವರು ತಮ್ಮ ಹಾನಿಯೆಂದೇ ಬಗೆಯಬೇಕು ಎಂದು ತೀರ್ಪು ಕೊಟ್ಟ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸುವ ಹೊಣೆ ವೈಷ್ಣವರದು, ಅದರ ವೆಚ್ಚಕ್ಕೆ ಜೈನರ ಮನೆ ಮನೆಯಿಂದ ವರ್ಷಕ್ಕೊಂದು ಹಣ. ಈ ಒಪ್ಪಂದ ಮುರಿದವನು ರಾಜದ್ರೋಹಿ, ಸಂಘಕ್ಕೂ ದ್ರೋಹಿ ಎಂದು ಕೊನೆಯಲ್ಲಿ ಶಾಪವೂ ಇದೆ. ಗಮನಿಸಿ: ಇಲ್ಲಿ ಶಾಪ ಬಿದ್ದದ್ದು ಆ ಮತದವನ ಮೇಲೂ ಅಲ್ಲ, ಈ ಮತದವನ ಮೇಲೂ ಅಲ್ಲ. ಕೂಡಿಸಿದ ಕೈಗಳನ್ನು ಬಿಡಿಸುವವನ ಮೇಲೆ.

ಈಗ ನಮ್ಮ ಧರ್ಮಸಭೆಯ ಕಡೆ ತಿರುಗೋಣ. ಇಲ್ಲಿ ನಾವು ಸ್ವಲ್ಪ ತಲೆ ತಗ್ಗಿಸಿಯೇ ಮಾತನಾಡಬೇಕು. ಸಂತ ಪೌಲರು ಗಲಾತ್ಯರಿಗೆ ಬರೆಯುವಾಗ, ಬೇರೆ ಶುಭಸಂದೇಶ ಸಾರುವವನು ದೇವದೂತನೇ ಆದರೂ ಅನಾಥೆಮಾ ಆಗಲಿ ಎಂದು ಕಟುವಾಗಿ ಹೇಳಿದರು. ಧರ್ಮಸಭೆಯ ಸಮ್ಮೇಳನಗಳು ಆ ಮಾತನ್ನು ಎತ್ತಿಕೊಂಡವು. 4ನೇ ಶತಮಾನದಿಂದ, ತಪ್ಪು ಬೋಧನೆ ಹೇಳುವವನು ಅನಾಥೆಮಾ ಆಗಲಿ ಎಂಬುದು ನಿರ್ಣಯಗಳ ಕೊನೆಯ ಸಾಲಾಯಿತು. ಮುಂದೆ ಅದಕ್ಕೊಂದು ವಿಧಿಯೂ ಬಂತು. ಧರ್ಮಾಧ್ಯಕ್ಷರ ಸುತ್ತ ಹನ್ನೆರಡು ಮಂದಿ ಗುರುಗಳು ಉರಿಯುವ ಮೇಣದಬತ್ತಿ ಹಿಡಿದು ನಿಂತು, ಬಹಿಷ್ಕಾರದ ಮಾತು ಮುಗಿದೊಡನೆ ಬತ್ತಿಗಳನ್ನು ನೆಲಕ್ಕೆ ಎಸೆಯುತ್ತಿದ್ದರು. ಪಶ್ಚಾತ್ತಾಪಪಟ್ಟು ಹಿಂತಿರುಗಿದರೆ ಮತ್ತೆ ಸೇರಿಸಿಕೊಳ್ಳುವ ವಿಧಿಯೂ ಇತ್ತು, ನಿಜ. ಆದರೆ ನೆಲಕ್ಕೆ ಬಿದ್ದ ಬತ್ತಿಯನ್ನು ನೋಡಿದವನಿಗೆ ಎಷ್ಟು ಧೈರ್ಯ ಉಳಿದೀತು!

ಈ ಪದದಿಂದ ಆದ ದೊಡ್ಡ ಗಾಯ 1054ರದು. ಆ ವರ್ಷ ಜುಲೈ 16ರಂದು ರೋಮಿನಿಂದ ಹೋಗಿದ್ದ ಕಾರ್ಡಿನಲ್ ಹುಂಬರ್ಟ್ ಅವರು ಕಾನ್‌ಸ್ಟಾಂಟಿನೋಪಲಿನ ಹಾಗಿಯಾ ಸೋಫಿಯಾ ದೇವಾಲಯದ ಬಲಿಪೀಠದ ಮೇಲೆ ಬಹಿಷ್ಕಾರದ ಪತ್ರವಿಟ್ಟು ಹೊರಟುಹೋದರು. ಅವರನ್ನು ಕಳುಹಿಸಿದ ಪೋಪ್ ಒಂಬತ್ತನೇ ಲಿಯೋ ಅವರು ಏಪ್ರಿಲಿನಲ್ಲೇ ತೀರಿಕೊಂಡಿದ್ದರು. ಕೆಲವೇ ದಿನಗಳಲ್ಲಿ ಆ ಕಡೆಯ ಪಿತೃಪ್ರಧಾನ ಮೈಕೇಲ್ ಸೆರುಲಾರಿಯಸ್ ಅವರೂ ಅನಾಥೆಮಾ ಹೇಳಿದರು. ಪರಸ್ಪರ ಶಾಪ ಹಾಕಿದ್ದು ಕೆಲವೇ ಮಂದಿ. ಹೊತ್ತವರು ಅವರ ನಂತರದ ಎಷ್ಟೋ ತಲೆಮಾರುಗಳು. ನಮ್ಮ ಮನೆಗಳಲ್ಲೂ ಹೀಗೆಯೇ ಅಲ್ಲವೇ? ತಾತಂದಿರು ಏನೋ ಅಂದುಕೊಂಡರು. ಮೊಮ್ಮಕ್ಕಳು ಇಂದಿಗೂ ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುವುದಿಲ್ಲ, ಏಕೆಂದು ಕೇಳಿದರೆ ಸರಿಯಾಗಿ ಗೊತ್ತೂ ಇರುವುದಿಲ್ಲ.

ಆ ಗಂಟು ಬಿಚ್ಚಲು 911 ವರ್ಷ ಬೇಕಾಯಿತು. ದ್ವಿತೀಯ ವ್ಯಾಟಿಕನ್ ಮಹಾಸಭೆಯನ್ನು 1962ರಲ್ಲಿ ಪ್ರಾರಂಭಿಸುವಾಗ ಪೋಪ್ ಇಪ್ಪತ್ತಮೂರನೇ ಯೊವಾನ್ನರು, ಈಗ ಧರ್ಮಸಭೆ ಕಠೋರತೆಗಿಂತ ಕರುಣೆಯ ಔಷಧಿಯನ್ನು ಬಳಸಲು ಬಯಸುತ್ತದೆ ಎಂಬ ಅರ್ಥದ ಮಾತನಾಡಿದ್ದರು. ಆ ಮಹಾಸಭೆ ಯಾರ ಮೇಲೂ ಅನಾಥೆಮಾ ಹೇಳಲಿಲ್ಲ. ಪೋಪ್ ಆರನೇ ಪೌಲರೂ ಪಿತೃಪ್ರಧಾನ ಅಥೆನಾಗೊರಸ್ ಅವರೂ 1964ರ ಜನವರಿಯಲ್ಲಿ ಜೆರುಸಲೇಮಿನಲ್ಲಿ ಭೇಟಿಯಾಗಿ ಅಪ್ಪಿಕೊಂಡರು. ಮಹಾಸಭೆ ಮುಗಿಯುವ ಮುನ್ನಾದಿನ, 1965ರ ಡಿಸೆಂಬರ್ 7ರಂದು, ಆ ಹಳೆಯ ಬಹಿಷ್ಕಾರಗಳನ್ನು ನೆನಪಿನಿಂದ ಅಳಿಸಿಹಾಕುತ್ತೇವೆ ಎಂಬ ಜಂಟಿ ಪ್ರಕಟಣೆಯನ್ನು ಎರಡೂ ಕಡೆ ಓದಲಾಯಿತು. ಎರಡು ಸಭೆಗಳು ಇನ್ನೂ ಒಂದೇ ಬಲಿಪೀಠಕ್ಕೆ ಬಂದಿಲ್ಲ. ಶಾಪ ಹಿಂತೆಗೆದುಕೊಂಡ ಮಾತ್ರಕ್ಕೆ ಗಾಯ ಒಣಗುವುದಿಲ್ಲ ಎಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. 1983ರಲ್ಲಿ ಬಂದ ಧರ್ಮಸಭೆಯ ಹೊಸ ಕಾನೂನು ಸಂಹಿತೆಯಲ್ಲಂತೂ ಅನಾಥೆಮಾ ಎಂಬ ದಂಡನೆಯೇ ಇಲ್ಲ. ಬಹಿಷ್ಕಾರ ಉಂಟು, ಆ ಪದವಿಲ್ಲ.

ಇನ್ನೊಂದು ಸಣ್ಣ ಸಂಗತಿ. ಕೊರಿಂಥಿಯರಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ ಪೌಲರು ಅನಾಥೆಮಾ ಎಂದು ಬರೆದು, ಅದರ ಬೆನ್ನಿಗೇ 'ಮಾರನಾಥಾ' ಎಂದರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಅಚ್ಚಾದವು. ಓದಿದವರು ಅದನ್ನು ಇನ್ನೂ ಘೋರವಾದ ಜೋಡಿ ಶಾಪವೆಂದುಕೊಂಡರು. ಆದರೆ ಮಾರನಾಥಾ ಯೇಸುಸ್ವಾಮಿಯ ತಾಯ್ನುಡಿಯಾದ ಅರಮಾಯಿಕ್ ಭಾಷೆಯ ಪ್ರಾರ್ಥನೆ: ನಮ್ಮ ಪ್ರಭುವೇ, ಬನ್ನಿ. ಶಾಪಕ್ಕೆ ಒಗ್ಗಿದ ಕಿವಿಗೆ ಪ್ರಾರ್ಥನೆಯೂ ಶಾಪವಾಗಿ ಕೇಳಿಸುತ್ತದೆ.

ಶಾಪದ ಭಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಮನೆ ಭೇಟಿಗೆ ಹೋದಾಗ ಕೇಳುತ್ತಾರೆ: 'ಫಾದರ್, ಮಗಳಿಗೆ ಸಂಬಂಧ ಕೂಡಿ ಬರುತ್ತಿಲ್ಲ, ಮಗನಿಗೆ ಕೆಲಸ ನಿಲ್ಲುತ್ತಿಲ್ಲ, ನಮ್ಮ ಹಿರಿಯರಿಗೆ ಯಾರೋ ಶಾಪ ಹಾಕಿದ್ದರಂತೆ, ಅದೇ ಇರಬಹುದಾ?' ಕೆಲವರು ಇದಕ್ಕಾಗಿ ಹಣ ಖರ್ಚು ಮಾಡಿ ಎಲ್ಲೆಲ್ಲಿಗೋ ಹೋಗಿ ಬರುತ್ತಾರೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿಯುವುದೆಂಬ ಗಾದೆಯನ್ನು ಇನ್ನು ಬಳಸಕೂಡದು ಎಂದು ದೇವರು ಪ್ರವಾದಿ ಯೆಜೆಕಿಯೇಲರ ಮೂಲಕ ಆಣೆಯಿಟ್ಟು ಹೇಳಿದ್ದಾರೆ. ಅವರವರ ಪಾಪ ಅವರವರದು. ವಂಶದ ಪಾಪವನ್ನು ಕತ್ತರಿಸುತ್ತೇವೆ ಎನ್ನುವ ಪ್ರಾರ್ಥನಾಕೂಟಗಳ ಬಗ್ಗೆ ಸ್ಪೇನ್ ದೇಶದ ಧರ್ಮಾಧ್ಯಕ್ಷರ ಮಂಡಳಿಯ ವಿಶ್ವಾಸ ಆಯೋಗವು 2024ರಲ್ಲಿ ಎಚ್ಚರಿಕೆ ಕೊಟ್ಟದ್ದೂ ಇದೇ ಕಾರಣಕ್ಕೆ. ದೀಕ್ಷಾಸ್ನಾನ ಪಡೆದ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತಿದೆ. ಯಾರ ಬಾಯಿಯ ಮಣ್ಣೂ ಅದನ್ನು ಮುಚ್ಚಲಾರದು. ಅಜ್ಜಿಯ ಶಾಪಕ್ಕೆ ಹೆದರುವುದನ್ನು ಬಿಟ್ಟು, ಅಜ್ಜಿಗೆ ಅಂದು ಆದ ಅನ್ಯಾಯವೇನು, ಅವಳ ಪಾಲಿನ ಹೊಲ ಈಗ ಯಾರ ಹೆಸರಿನಲ್ಲಿದೆ ಎಂದು ಕೇಳುವುದು ಹೆಚ್ಚು ಕ್ರೈಸ್ತ ಕೆಲಸ. ಹೊಲಕ್ಕೆ ಬೆಲೆ ಬಂದ ಊರುಗಳಲ್ಲಿ ಅಣ್ಣತಮ್ಮಂದಿರ ಮಾತಿಗೆ ಬೆಲೆ ಇಳಿದಿರುವುದನ್ನು ನಾವು ಕಣ್ಣಾರೆ ನೋಡುತ್ತಿದ್ದೇವೆ.

ಮತ್ತೆ ಸಂತ ಪೌಲರ ಬಳಿಗೆ ಬರೋಣ. ಗಲಾತ್ಯರಿಗೆ ಅಷ್ಟು ಬಿರುಸಾಗಿ ಬರೆದ ಅದೇ ಕೈ ರೋಮನರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಏನು ಬರೆಯಿತು ನೋಡಿ. ತಮ್ಮ ಮಾತನ್ನು ಒಪ್ಪದ, ತಮ್ಮನ್ನು ಹೊಡೆಸಿದ ತಮ್ಮ ಸ್ವಂತ ಜನರಿಗಾಗಿ ಅವರ ಹೃದಯ ನಿಲ್ಲದೆ ನೋಯುತ್ತಿದೆ. ಆ ಸಹೋದರರಿಗೆ ಒಳ್ಳೆಯದಾಗುವುದಾದರೆ ತಾವೇ ಕ್ರಿಸ್ತರಿಂದ ದೂರವಾಗಿ ಅನಾಥೆಮಾ ಆಗಲು ಸಿದ್ಧ ಎನ್ನುತ್ತಾರೆ. ಅದೇ ಪದ! ಎಲ್ಲರೂ ಅದನ್ನು ಇನ್ನೊಬ್ಬರ ಮೇಲೆ ಎಸೆಯುತ್ತಾರೆ. ಪೌಲರು ತಮ್ಮ ತಲೆಯ ಮೇಲೆ ಹಾಕಿಕೊಳ್ಳಲು ಕೇಳುತ್ತಾರೆ. ಹರಕೆಯ ಕುರಿಯ ಕುತ್ತಿಗೆಯ ದಾರವನ್ನು ಬಿಚ್ಚಿ ತನ್ನ ಕುತ್ತಿಗೆಗೆ ಕಟ್ಟಿಕೊಂಡವನಂತೆ. ಪದ ಹುಟ್ಟಿದಾಗ ಇದ್ದ ಅರ್ಥ ಇಲ್ಲಿ ಮರಳಿ ಬಂತು: ಶಾಪವಾಗಲು ಒಪ್ಪಿದವನೇ ಕಾಣಿಕೆಯಾದ.

ಪೌಲರು ಇದನ್ನು ಕಲಿತದ್ದು ಎಲ್ಲಿಂದ? ಮರಕ್ಕೆ ತೂಗುಹಾಕಲ್ಪಟ್ಟವನು ಶಾಪಗ್ರಸ್ತನೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಶಿಲುಬೆಯ ಕೆಳಗೆ ನಿಂತು ಅಣಕಿಸಿದವರು ಈ ನಿಯಮ ಕೇಳಿ ಬೆಳೆದವರು. ಅವರ ಕಣ್ಣಿಗೆ ಕಂಡದ್ದು ದೇವರು ಕೈಬಿಟ್ಟ ಮನುಷ್ಯ. ಕ್ರಿಸ್ತರು ನಮಗಾಗಿ ಶಾಪವಾದರು ಎಂದು ಗಲಾತ್ಯರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲರು ಬರೆದರು. ಅಲ್ಲಿ ಶಾಪಕ್ಕೆ ಅವರು ಬಳಸಿದ ಗ್ರೀಕ್ ಪದ ಬೇರೆ, ಭಾವ ಇದೇ. ದೇವರ ಕುರಿಮರಿಯನ್ನು ಎತ್ತಿ ಮರಕ್ಕೆ ಹಾಕಿದರು. ಹಾಕಿದವರಿಗೆ ಅದು ಶಾಪ, ಎತ್ತಿಕೊಂಡ ತಂದೆಗೆ ಕಾಣಿಕೆ. ಕಚ್ಚಿದ ಸರ್ಪದ ಆಕೃತಿಯನ್ನೇ ನೋಡಿ ಮರಳುಗಾಡಿನ ಜನ ಬದುಕಿದಂತೆ, ನಾವು ಶಾಪದ ಮರವನ್ನೇ ಮನೆಯ ಬಾಗಿಲಿನ ಮೇಲೆ ಇಟ್ಟುಕೊಂಡಿದ್ದೇವೆ.

ಭಾಷೆ ಬಲ್ಲವರು ಇನ್ನೊಂದು ವಿಷಯ ಹೇಳುತ್ತಾರೆ, ಅದನ್ನು ಹೇಳಿ ಮುಗಿಸುತ್ತೇವೆ. ಅನಾಥೆಮಾದಲ್ಲಿರುವ 'ಇಡು' ಎಂಬ ಗ್ರೀಕ್ ಧಾತುವೂ ಸಂಸ್ಕೃತದ 'ಧಾ' ಎಂಬ ಧಾತುವೂ ಒಂದೇ ತಾಯಿಯ ಮಕ್ಕಳು. ಆ 'ಧಾ' ನಮ್ಮ ಕನ್ನಡದಲ್ಲಿ ದಿನವೂ ಆಡುವ ಒಂದು ಮಾತಿನಲ್ಲಿದೆ: ಸಮಾಧಾನ. ಎತ್ತಿ ಬೇರೆ ಇಟ್ಟರೆ ಅನಾಥೆಮಾ, ಒಟ್ಟಿಗೆ ಸೇರಿಸಿ ಇಟ್ಟರೆ ಸಮಾಧಾನ. ಬುಕ್ಕರಾಯ ಆ ದಿನ ಮಾಡಿದ್ದು ಇದನ್ನೇ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಇಟ್ಟದ್ದು. ಇನ್ನು ಸ್ವಲ್ಪ ಹೊತ್ತಿಗೆ ನಾವೂ ಪರಸ್ಪರ ಸಮಾಧಾನ ಹಂಚಿಕೊಳ್ಳುತ್ತೇವೆ. ಪಕ್ಕದವರಿಗೆ ಕೈ ಮುಗಿದು ತಲೆಬಾಗುವುದು ಸುಲಭ. ಬೇಕೆಂದೇ ದೂರದ ಬೆಂಚಿನಲ್ಲಿ ಕುಳಿತವರಿದ್ದರೆ ಇಂದು ಎದ್ದು ಅಲ್ಲಿಯವರೆಗೆ ನಡೆದು ಹೋಗಲು ಅವಕಾಶ ಕೊಡುತ್ತೇವೆ. ಪೂಜೆ ಐದು ನಿಮಿಷ ತಡವಾದರೂ ಚಿಂತೆಯಿಲ್ಲ.

ಈಗ ಎಲ್ಲರೂ ಎದ್ದು ನಿಲ್ಲೋಣ. ಇಂದು ನೈಸಿಯಾದ ವಿಶ್ವಾಸ ಸಂಗ್ರಹವನ್ನೇ ಹೇಳೋಣ, ಅದಕ್ಕೆ ಈ ವರ್ಷ 1,700 ವರ್ಷ ತುಂಬಿದೆ. 325ರಲ್ಲಿ ಧರ್ಮಾಧ್ಯಕ್ಷರು ಅದನ್ನು ಮೊದಲು ಬರೆದಾಗ ಅದರ ಕೊನೆಯ ಮಾತು ಅನಾಥೆಮಾದ್ದಾಗಿತ್ತು. ನಾವು ಹೇಳುವ ವಿಶ್ವಾಸ ಸಂಗ್ರಹದಲ್ಲಿ ಆ ಸಾಲಿಲ್ಲ. ಅದು ಬರಲಿರುವ ಲೋಕದ ಜೀವವನ್ನು ಎದುರುನೋಡುತ್ತಾ ಮುಗಿಯುತ್ತದೆ. ನಿಧಾನವಾಗಿ, ಒಟ್ಟಿಗೆ ಹೇಳೋಣ, ಮಕ್ಕಳಿಗೂ ಕೇಳಿಸಲಿ.